ಓವೆನ್ ವಿಟ್ಟಿ

ಓವೆನ್ ಎನ್. ವಿಟ್ಟಿ (ಜನನ: 1949) ಅಮೆರಿಕದ ಒಬ್ಬ ವೈದ್ಯವಿಜ್ಞಾನಿ. ಯುಸಿಎಲ್‌ಎ ಎಂದು ಪ್ರಸಿದ್ಧವಾಗಿರುವ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1980ರಿಂದ ಸಂಶೋಧನೆ ಮತ್ತು ಬೋಧನೆ ನಡೆಸಿದವರು. ಕ್ಯಾನ್ಸರ್ ಯಾವ ಜೀವಕೋಶದಿಂದ ಆರಂಭವಾಗುತ್ತದೆ, ಆ ಕೋಶವನ್ನು ದಾರಿ ತಪ್ಪಿಸುವ ಅಣುಗಳು ಯಾವುವು ಎಂಬ ಎರಡು ಪ್ರಶ್ನೆಗಳು ಅವರ ವೃತ್ತಿಜೀವನದ ಕೇಂದ್ರದಲ್ಲಿವೆ. ಮೊದಲ ಎರಡು ದಶಕಗಳಲ್ಲಿ ಅವರು ಈ ಪ್ರಶ್ನೆಗಳನ್ನು ರಕ್ತದ ಕ್ಯಾನ್ಸರ್‌ಗಳಿಗೆ ಸಂಬಂಧಿಸಿದಂತೆ ಕೇಳಿದರು. ಬಳಿಕ ಪ್ರಾಸ್ಟೇಟ್ ಗ್ರಂಥಿ ಮತ್ತು ಮೂತ್ರಕೋಶದ ಕ್ಯಾನ್ಸರ್‌ಗಳತ್ತ ತಿರುಗಿದರು.

ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ ಕಾರಣವಾಗುವ ಬಿಸಿಆರ್-ಎಬಿಎಲ್ ಪ್ರೋಟೀನು ಒಂದು ಟೈರೊಸಿನ್ ಕೈನೇಸ್ ಕಿಣ್ವ ಎಂದು ತೋರಿಸುವಲ್ಲಿ ವಿಟ್ಟಿ ಮತ್ತು ಸಂಗಡಿಗರ ಪಾತ್ರ ಮುಖ್ಯವಾದುದು. ಈ ತಿಳಿವಳಿಕೆಯ ಆಧಾರದ ಮೇಲೆ ಮುಂದೆ ಇಮ್ಯಾಟಿನಿಬ್ ಔಷಧ ರೂಪುಗೊಂಡಿತು. ಮಾನವನ ಪ್ರಾಸ್ಟೇಟ್ ಕ್ಯಾನ್ಸರ್ ಗ್ರಂಥಿಯ ತಳಪದರದ ಕೋಶಗಳಿಂದ ಹುಟ್ಟಬಲ್ಲದು ಎಂದು 2010ರಲ್ಲಿ ಅವರ ಪ್ರಯೋಗಾಲಯವು ತೋರಿಸಿದ್ದು, ಮೂತ್ರಜನನಾಂಗ ಕ್ಯಾನ್ಸರ್‌ಗಳ ಅಧ್ಯಯನದಲ್ಲಿ ಅವರ ಅತ್ಯಂತ ಚರ್ಚಿತ ಕೊಡುಗೆಯಾಗಿದೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ವಿಟ್ಟಿ ಅವರು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ 1971ರಲ್ಲಿ ಪದವಿ ಪಡೆದರು. ಅನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜನ್ನು ಸೇರಿ 1976ರಲ್ಲಿ ಎಂ.ಡಿ. ಪದವಿ ಗಳಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ ಅಲ್ಲಿ ಇರ್ವಿಂಗ್ ವೈಸ್‌ಮನ್ ಅವರ ಪ್ರಯೋಗಾಲಯದಲ್ಲಿ ಇಲಿಗಳಲ್ಲಿ ಲ್ಯುಕೇಮಿಯಾ ಉಂಟುಮಾಡುವ ವೈರಾಣುಗಳ ಅಧ್ಯಯನದಲ್ಲಿ ತೊಡಗಿದ್ದರು. ರಕ್ತಕೋಶಗಳನ್ನು ಅವುಗಳ ಮೇಲ್ಮೈಯ ಗುರುತುಗಳ ಸಹಾಯದಿಂದ ವಿಂಗಡಿಸಿ, ಯಾವ ಕೋಶ ಯಾವುದರಿಂದ ಹುಟ್ಟುತ್ತದೆ ಎಂದು ಪತ್ತೆಹಚ್ಚುವ ವಿಧಾನಕ್ಕೆ ವೈಸ್‌ಮನ್ ಹೆಸರಾದವರು. ಇದೇ ಬಗೆಯ ವಿಧಾನವನ್ನು ವಿಟ್ಟಿ ಮುಂದೆ ಪ್ರಾಸ್ಟೇಟ್ ಗ್ರಂಥಿಯ ಅಧ್ಯಯನಕ್ಕೆ ಬಳಸಿದರು.

ವೈದ್ಯಕೀಯ ಪದವಿಯ ನಂತರ ಅವರು ರೋಗಿಗಳ ಚಿಕಿತ್ಸೆಯ ಬದಲು ಪ್ರಯೋಗಾಲಯವನ್ನು ಆಯ್ದುಕೊಂಡರು. 1976ರಿಂದ 1980ರವರೆಗೆ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವ ವೈರಾಣು ಕಿಣ್ವದ ಶೋಧಕ್ಕಾಗಿ ಬಾಲ್ಟಿಮೋರ್ 1975ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡಿದ್ದರು. 1980ರಲ್ಲಿ ವಿಟ್ಟಿ ಯುಸಿಎಲ್‌ಎಯ ಅಧ್ಯಾಪಕವರ್ಗವನ್ನು ಸೇರಿದರು. 1986ರಲ್ಲಿ ಹೊವಾರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರಾಗಿ ಆಯ್ಕೆಯಾದರು.

ರಕ್ತದ ಕ್ಯಾನ್ಸರ್ ಕುರಿತ ಸಂಶೋಧನೆ

ಅಬೆಲ್ಸನ್ ವೈರಾಣು

ಬಾಲ್ಟಿಮೋರ್ ಪ್ರಯೋಗಾಲಯದಲ್ಲಿ ವಿಟ್ಟಿ ಅಧ್ಯಯನ ಮಾಡಿದ್ದು ಅಬೆಲ್ಸನ್ ಲ್ಯುಕೇಮಿಯಾ ವೈರಾಣುವನ್ನು. ಇದು ಇಲಿಗಳಲ್ಲಿ ಬಹು ವೇಗವಾಗಿ ರಕ್ತದ ಕ್ಯಾನ್ಸರ್ ಉಂಟುಮಾಡುತ್ತದೆ. ಈ ವೈರಾಣು ತನ್ನ ಸೋಂಕಿಗೆ ಒಳಗಾದ ಕೋಶಗಳಲ್ಲಿ ಒಂದು ವಿಶಿಷ್ಟ ಪ್ರೋಟೀನನ್ನು ತಯಾರಿಸುತ್ತದೆ ಎಂದು ಅವರು ಮತ್ತು ಸಂಗಡಿಗರು 1978ರಲ್ಲಿ ವರದಿ ಮಾಡಿದರು. 1980ರಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ, ಆ ಪ್ರೋಟೀನಿನೊಂದಿಗೆ ಸಂಬಂಧಿಸಿದ ಕಿಣ್ವಕ್ರಿಯೆಯು ಟೈರೊಸಿನ್ ಎಂಬ ಅಮೈನೊ ಆಮ್ಲಕ್ಕೆ ಫಾಸ್ಫೇಟ್ ಗುಂಪನ್ನು ಸೇರಿಸುತ್ತದೆ ಎಂದು ತೋರಿಸಿದರು.

ಆ ಕಾಲಕ್ಕೆ ಇದು ಅನಿರೀಕ್ಷಿತವಾದ ಫಲಿತಾಂಶ. ಕೋಶದೊಳಗಿನ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸಿ ಅವುಗಳ ಕೆಲಸವನ್ನು ನಿಯಂತ್ರಿಸುವ ಕೈನೇಸ್ ಕಿಣ್ವಗಳು ಮೊದಲೇ ತಿಳಿದಿದ್ದವಾದರೂ, ಅವು ಸೆರಿನ್ ಮತ್ತು ಥ್ರಿಯೊನಿನ್ ಎಂಬ ಅಮೈನೊ ಆಮ್ಲಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ ಎಂದು ಭಾವಿಸಲಾಗಿತ್ತು. ಅದೇ ಸಮಯದಲ್ಲಿ ಸಾಕ್ ಸಂಸ್ಥೆಯ ಟೋನಿ ಹಂಟರ್ ಮತ್ತು ಸಂಗಡಿಗರು ಬೇರೆ ವೈರಾಣುಗಳಲ್ಲಿ ಟೈರೊಸಿನ್ ಕೈನೇಸ್ ಕ್ರಿಯೆಯನ್ನು ಕಂಡುಹಿಡಿದಿದ್ದರು. ಕೋಶದ ಬೆಳವಣಿಗೆಗೆ ಸೂಚನೆ ನೀಡುವ ವ್ಯವಸ್ಥೆಯಲ್ಲಿ ಈ ಕಿಣ್ವಗಳ ಸ್ಥಾನವೇನು ಎಂಬುದು ಮುಂದಿನ ದಶಕಗಳ ಕ್ಯಾನ್ಸರ್ ಸಂಶೋಧನೆಯ ಪ್ರಮುಖ ವಿಷಯವಾಯಿತು.

ಬಿಸಿಆರ್-ಎಬಿಎಲ್

ಇಲಿಯ ವೈರಾಣುವಿನಲ್ಲಿ ಕಂಡ ಸಂಗತಿಗೆ ಮಾನವನ ರೋಗದೊಂದಿಗೆ ಸಂಬಂಧವಿದೆಯೇ ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳ ರಕ್ತಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತು ಇರುವುದನ್ನು ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ 1960ರಲ್ಲಿ ಗುರುತಿಸಿದ್ದರು. ಅದಕ್ಕೆ ಫಿಲಡೆಲ್ಫಿಯಾ ವರ್ಣತಂತು ಎಂಬ ಹೆಸರು ಬಂದಿತು. 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಅದು ಉಂಟಾಗುತ್ತದೆ ಎಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಈ ಅದಲುಬದಲಿನಲ್ಲಿ ಎಬಿಎಲ್ ವಂಶವಾಹಿಯೂ ತನ್ನ ಸ್ಥಳವನ್ನು ಬಿಟ್ಟು ಸರಿಯುತ್ತದೆ ಎಂದು ಬಳಿಕ ತಿಳಿದುಬಂದಿತು.

1984ರಲ್ಲಿ ಜೇಮ್ಸ್ ಕೊನೊಪ್ಕಾ, ಸುಸಾನ್ ವಾಟನಬೆ ಮತ್ತು ವಿಟ್ಟಿ ಅವರು, ಇಂಥ ರೋಗಿಯೊಬ್ಬರ ಕೋಶಗಳಿಂದ ಬೆಳೆಸಿದ ಕೆ562 ಎಂಬ ಕೋಶಶ್ರೇಣಿಯಲ್ಲಿ ಎಬಿಎಲ್ ಪ್ರೋಟೀನು ಸಾಮಾನ್ಯಕ್ಕಿಂತ ದೊಡ್ಡದಾಗಿರುವುದನ್ನೂ, ಅದರ ಟೈರೊಸಿನ್ ಕೈನೇಸ್ ಶಕ್ತಿ ಪ್ರಕಟವಾಗಿರುವುದನ್ನೂ ಕಂಡುಕೊಂಡರು. ಪಿ210 ಎಂದು ಕರೆಯಲಾದ ಈ ಪ್ರೋಟೀನು ಬಿಸಿಆರ್ ಮತ್ತು ಎಬಿಎಲ್ ಎಂಬ ಎರಡು ವಂಶವಾಹಿಗಳ ಬೆಸುಗೆಯಿಂದ ಹುಟ್ಟಿದ ಸಂಕರ ಪ್ರೋಟೀನು ಎಂಬುದು 1986ರಲ್ಲಿ ಬಾಲ್ಟಿಮೋರ್ ಮತ್ತು ವಿಟ್ಟಿ ಅವರ ತಂಡಗಳ ಜಂಟಿ ಕೆಲಸದಿಂದ ದೃಢಪಟ್ಟಿತು. ಕೋಶವನ್ನು ಕ್ಯಾನ್ಸರ್‌ಗೆ ತಿರುಗಿಸುವ ಸಾಮರ್ಥ್ಯವು ಈ ಕಿಣ್ವಕ್ರಿಯೆಯ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ ಎಂದು 1990ರಲ್ಲಿ ವಿಟ್ಟಿ ಪ್ರಯೋಗಾಲಯವು ವರದಿ ಮಾಡಿತು.

ರೋಗಕ್ಕೆ ಮೂಲವಾದ ಕಿಣ್ವ ಯಾವುದೆಂದು ತಿಳಿದ ಮೇಲೆ ಅದನ್ನು ತಡೆಯುವ ಔಷಧವನ್ನು ಹುಡುಕುವುದು ಸಾಧ್ಯವಾಯಿತು. ಸ್ವಿಟ್ಜರ್‌ಲ್ಯಾಂಡಿನ ಔಷಧ ಕಂಪನಿಯಲ್ಲಿದ್ದ ನಿಕೋಲಸ್ ಲಿಡನ್ ಮತ್ತು ಸಂಗಡಿಗರು ಹಾಗೂ ವೈದ್ಯ ಬ್ರಯಾನ್ ಡ್ರೂಕರ್ ಅವರ ಪ್ರಯತ್ನದಿಂದ ಇಮ್ಯಾಟಿನಿಬ್ ಸಿದ್ಧವಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2001ರ ಮೇ ತಿಂಗಳಲ್ಲಿ ಅದಕ್ಕೆ ಅನುಮತಿ ನೀಡಿತು. ಅದಕ್ಕೂ ಮುನ್ನ ಕೆಲವೇ ವರ್ಷಗಳಲ್ಲಿ ಹೆಚ್ಚಿನ ರೋಗಿಗಳ ಪ್ರಾಣ ತೆಗೆಯುತ್ತಿದ್ದ ಕಾಯಿಲೆಯು ಮಾತ್ರೆಗಳಿಂದ ದೀರ್ಘಕಾಲ ಹತೋಟಿಯಲ್ಲಿಡಬಹುದಾದ ಕಾಯಿಲೆಯಾಯಿತು.

ಬಿ ಕೋಶಗಳ ಅಧ್ಯಯನ

ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳ ಬೆಳವಣಿಗೆಯನ್ನು ಅರಿಯಲು ಷೆರಿಲ್ ವಿಟ್ಲಾಕ್ ಮತ್ತು ವಿಟ್ಟಿ 1982ರಲ್ಲಿ ಒಂದು ಕೃಷಿ ವಿಧಾನವನ್ನು ರೂಪಿಸಿದರು. ಇಲಿಯ ಅಸ್ಥಿಮಜ್ಜೆಯಿಂದ ತೆಗೆದ ಆಧಾರಕೋಶಗಳ ಪದರದ ಮೇಲೆ ಬಿ ಕೋಶಗಳನ್ನೂ ಅವುಗಳ ಪೂರ್ವಜ ಕೋಶಗಳನ್ನೂ ತಿಂಗಳುಗಟ್ಟಲೆ ಬೆಳೆಸಲು ಇದರಿಂದ ಸಾಧ್ಯವಾಯಿತು. ಇದು ವಿಟ್ಲಾಕ್-ವಿಟ್ಟಿ ಕೃಷಿ ಎಂದೇ ಹೆಸರಾಗಿದೆ.

1993ರಲ್ಲಿ ವಿಟ್ಟಿ ಅವರ ತಂಡ ಮತ್ತು ಬ್ರಿಟನ್ನಿನ ಇನ್ನೊಂದು ತಂಡ ಪ್ರತ್ಯೇಕವಾಗಿ ಬ್ರೂಟನ್ ಟೈರೊಸಿನ್ ಕೈನೇಸ್ ಎಂಬ ಕಿಣ್ವವನ್ನು ಕಂಡುಹಿಡಿದವು. ಈ ಕಿಣ್ವದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಅದು ದೋಷಪೂರಿತವಾದ ಗಂಡುಮಕ್ಕಳಲ್ಲಿ ಬಿ ಕೋಶಗಳು ಬೆಳೆಯದೆ, ರಕ್ತದಲ್ಲಿ ಪ್ರತಿಕಾಯಗಳಿಲ್ಲದೆ, ಪದೇ ಪದೇ ಸೋಂಕುಗಳು ತಗಲುತ್ತವೆ. ಈ ಕಾಯಿಲೆಯನ್ನು 1952ರಲ್ಲಿ ಮೊದಲು ವಿವರಿಸಿದ ಆಗ್ಡನ್ ಬ್ರೂಟನ್ ಅವರ ಹೆಸರನ್ನೇ ಕಿಣ್ವಕ್ಕೆ ಇಡಲಾಯಿತು. ಇದೇ ಕಿಣ್ವವನ್ನು ತಡೆಯುವ ಇಬ್ರುಟಿನಿಬ್ ಎಂಬ ಔಷಧಕ್ಕೆ 2013ರಲ್ಲಿ ಅನುಮತಿ ದೊರೆಯಿತು. ಬಿ ಕೋಶಗಳ ಕೆಲವು ಕ್ಯಾನ್ಸರ್‌ಗಳ ಚಿಕಿತ್ಸೆಯಲ್ಲಿ ಅದು ಬಳಕೆಯಲ್ಲಿದೆ.

ಪ್ರಾಸ್ಟೇಟ್ ಕ್ಯಾನ್ಸರ್ ಕುರಿತ ಸಂಶೋಧನೆ

ಹಿನ್ನೆಲೆ

ಪ್ರಾಸ್ಟೇಟ್ ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ. ವೀರ್ಯದ ದ್ರವಾಂಶದ ಒಂದು ಭಾಗವನ್ನು ಅದು ಸ್ರವಿಸುತ್ತದೆ. ಅದರ ಕ್ಯಾನ್ಸರ್ ಆಂಡ್ರೋಜನ್ ಎಂಬ ಪುರುಷ ಹಾರ್ಮೋನುಗಳನ್ನು ಅವಲಂಬಿಸಿ ಬೆಳೆಯುತ್ತದೆ ಎಂದು ಷಿಕಾಗೋದ ಮೂತ್ರರೋಗ ತಜ್ಞ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. ವೃಷಣಗಳನ್ನು ತೆಗೆದುಹಾಕಿದರೆ ಮುಂದುವರಿದ ರೋಗವೂ ಇಳಿಮುಖವಾಗುತ್ತಿತ್ತು. ಈ ಕೆಲಸಕ್ಕಾಗಿ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹಾರ್ಮೋನನ್ನು ತಡೆಯುವ ಚಿಕಿತ್ಸೆ ಇಂದಿಗೂ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮುಖ್ಯ ಚಿಕಿತ್ಸೆಯಾಗಿದೆ. ಆದರೆ ಹರಡಿದ ರೋಗದಲ್ಲಿ ಅದರ ಪರಿಣಾಮ ಸಾಮಾನ್ಯವಾಗಿ ಶಾಶ್ವತವಲ್ಲ. ಕೆಲಕಾಲದ ನಂತರ ಚಿಕಿತ್ಸೆಗೆ ಬಗ್ಗದ ಕೋಶಗಳು ಮತ್ತೆ ಬೆಳೆಯುತ್ತವೆ. ಈ ಕೋಶಗಳು ಎಲ್ಲಿಂದ ಬರುತ್ತವೆ ಎಂಬುದು ಮೂಲಕೋಶದ ಪ್ರಶ್ನೆಯನ್ನು ರೋಗಿಗಳ ಬದುಕಿಗೆ ನೇರವಾಗಿ ಜೋಡಿಸುತ್ತದೆ.

1990ರ ದಶಕದಲ್ಲಿ ವಿಟ್ಟಿ ಅವರು ಚಾರ್ಲ್ಸ್ ಸಾಯರ್ಸ್, ಮೂತ್ರರೋಗ ತಜ್ಞ ರಾಬರ್ಟ್ ರೀಟರ್ ಮೊದಲಾದ ಯುಸಿಎಲ್‌ಎಯ ಸಹೋದ್ಯೋಗಿಗಳೊಡನೆ ಈ ಕ್ಷೇತ್ರವನ್ನು ಪ್ರವೇಶಿಸಿದರು. ಆಗ ಪ್ರಯೋಗಕ್ಕೆ ಸಿಗುತ್ತಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಶ್ರೇಣಿಗಳು ಬೆರಳೆಣಿಕೆಯಷ್ಟು. ರೋಗಿಗಳ ಗೆಡ್ಡೆಯ ತುಣುಕುಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ನಾಟಿ ಮಾಡಿ ಬೆಳೆಸಬಹುದೆಂದೂ, ಹಾರ್ಮೋನಿನ ಅವಲಂಬನೆಯಿಂದ ಗೆಡ್ಡೆ ಬಿಡಿಸಿಕೊಳ್ಳುವ ಹಂತವನ್ನು ಅಲ್ಲಿ ಗಮನಿಸಬಹುದೆಂದೂ 1997ರಲ್ಲಿ ಈ ತಂಡ ತೋರಿಸಿತು.

ಪಿಎಸ್‌ಸಿಎ

ಇಂಥ ಇಲಿ ಮಾದರಿಗಳನ್ನು ಬಳಸಿ 1998ರಲ್ಲಿ ರೀಟರ್, ವಿಟ್ಟಿ ಮತ್ತು ಸಂಗಡಿಗರು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿರುವ ಒಂದು ಪ್ರೋಟೀನನ್ನು ಗುರುತಿಸಿದರು. ರಕ್ತಕೋಶಗಳ ಅಧ್ಯಯನದಲ್ಲಿ ಮೊದಲೇ ತಿಳಿದಿದ್ದ ಒಂದು ಪ್ರೋಟೀನನ್ನು ಅದು ಹೋಲುತ್ತಿದ್ದುದರಿಂದ ಪ್ರಾಸ್ಟೇಟ್ ಸ್ಟೆಮ್ ಸೆಲ್ ಪ್ರತಿಜನಕ ಎಂದು ಹೆಸರಿಡಲಾಯಿತು. ಪಿಎಸ್‌ಸಿಎ ಎಂಬುದು ಅದರ ಸಂಕ್ಷಿಪ್ತ ರೂಪ. ಹೆಸರು ಹೀಗಿದ್ದರೂ ಅದು ಆಕರ ಕೋಶಗಳಿಗೆ ಮಾತ್ರ ಸೀಮಿತವಾದ ಗುರುತಲ್ಲ ಎಂಬುದು ಬಳಿಕ ಸ್ಪಷ್ಟವಾಯಿತು. ಮೂತ್ರಕೋಶ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿಯೂ ಅದು ಕಂಡುಬಂದಿದೆ. ಮೇಲ್ಮೈಯಲ್ಲಿರುವ ಪ್ರೋಟೀನಾದ ಕಾರಣ ಅದನ್ನು ಚಿಕಿತ್ಸೆಯ ಗುರಿಯಾಗಿ ಬಳಸುವ ಪ್ರಯತ್ನಗಳು ನಡೆದಿವೆ. ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆಯಲ್ಲಿ ಪಿಎಸ್‌ಸಿಎಯನ್ನು ಗುರುತಿಸುವಂತೆ ಮಾರ್ಪಡಿಸಿದ ಟಿ ಕೋಶಗಳನ್ನು ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್‌ನ 14 ರೋಗಿಗಳಿಗೆ ನೀಡಿದ ಮೊದಲ ಹಂತದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಮೂಲಕೋಶದ ಪ್ರಶ್ನೆ

ಒಂದು ಅಂಗಾಂಶದಲ್ಲಿ ಹಲವು ಬಗೆಯ ಕೋಶಗಳಿರುತ್ತವೆ. ಅವುಗಳಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಬದಲಾವಣೆಗಳಿಗೆ ಒಳಗಾಗಿ ಗೆಡ್ಡೆಯಾಗಿ ಬೆಳೆಯುವ ಆರೋಗ್ಯವಂತ ಕೋಶವನ್ನು ಆ ಕ್ಯಾನ್ಸರ್‌ನ ಮೂಲಕೋಶ ಎನ್ನುತ್ತಾರೆ. ಇದು ಆಕರ ಕೋಶ, ಅಂದರೆ ಸ್ಟೆಮ್ ಸೆಲ್, ಎಂಬ ಪರಿಕಲ್ಪನೆಗಿಂತ ಭಿನ್ನವಾದುದು. ಆಕರ ಕೋಶವು ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತ ಇತರ ಬಗೆಯ ಕೋಶಗಳನ್ನು ಹುಟ್ಟಿಸುತ್ತದೆ. ಅದು ಕ್ಯಾನ್ಸರ್‌ನ ಮೂಲಕೋಶವೂ ಆಗಬಹುದು, ಆಗದೆಯೂ ಇರಬಹುದು. ಹಾಗೆಯೇ, ಬೆಳೆದ ಗೆಡ್ಡೆಯನ್ನು ಮುಂದುವರಿಸಿಕೊಂಡು ಹೋಗುವ ಕೋಶವು ಅದನ್ನು ಆರಂಭಿಸಿದ ಕೋಶದಂತೆಯೇ ಇರಬೇಕೆಂದಿಲ್ಲ.

ಪ್ರಾಸ್ಟೇಟ್ ಗ್ರಂಥಿಯ ಸೂಕ್ಷ್ಮ ನಾಳಗಳ ಗೋಡೆಯಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಹೊರಗಡೆ, ಆಧಾರಪೊರೆಗೆ ಅಂಟಿಕೊಂಡಂತೆ, ತಳಕೋಶಗಳಿರುತ್ತವೆ. ಅವುಗಳ ಮೇಲೆ, ನಾಳದ ಪೊಳ್ಳಿಗೆ ಮುಖಮಾಡಿ, ಸ್ರಾವಕ ಕೋಶಗಳಿರುತ್ತವೆ. ಪಿಎಸ್‌ಎ ಎಂಬ ಪ್ರೋಟೀನನ್ನು ತಯಾರಿಸುವುದು ಈ ಸ್ರಾವಕ ಕೋಶಗಳು. ಇವುಗಳ ನಡುವೆ ಅಲ್ಲಲ್ಲಿ ನರ-ಅಂತಃಸ್ರಾವಿ ಕೋಶಗಳೂ ಇರುತ್ತವೆ.

ಸಾಮಾನ್ಯ ಪ್ರಾಸ್ಟೇಟ್ ಕ್ಯಾನ್ಸರ್‌ನ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಸ್ರಾವಕ ಕೋಶಗಳನ್ನೇ ಹೋಲುತ್ತವೆ. ಗೆಡ್ಡೆಯಲ್ಲಿ ತಳಕೋಶಗಳು ಕಾಣುವುದಿಲ್ಲ. ರೋಗಶಾಸ್ತ್ರಜ್ಞರು ಕ್ಯಾನ್ಸರನ್ನು ಖಚಿತಪಡಿಸಲು ತಳಕೋಶಗಳ ಗುರುತಾದ ಪಿ63 ಪ್ರೋಟೀನು ಇಲ್ಲದಿರುವುದನ್ನು ಒಂದು ಲಕ್ಷಣವಾಗಿ ಬಳಸುತ್ತಾರೆ. ಹೀಗಾಗಿ ಈ ಕ್ಯಾನ್ಸರ್ ಸ್ರಾವಕ ಕೋಶದಿಂದಲೇ ಹುಟ್ಟುತ್ತದೆ ಎಂಬ ಅಭಿಪ್ರಾಯ ಬಲವಾಗಿತ್ತು. ಹುಟ್ಟಿದ ಕ್ಯಾನ್ಸರ್‌ನ ರೂಪವನ್ನು ನೋಡಿ ಅದರ ಮೂಲವನ್ನು ನಿರ್ಧರಿಸಲು ಸಾಧ್ಯವೇ ಎಂಬುದನ್ನು ವಿಟ್ಟಿ ಪ್ರಯೋಗಾಲಯವು ಪರೀಕ್ಷೆಗೆ ಒಡ್ಡಿತು.

ಇಲಿಗಳಲ್ಲಿ ಪ್ರಯೋಗಗಳು

ಭ್ರೂಣದ ಮೂತ್ರಜನನಾಂಗ ಭಾಗದ ಸಂಯೋಜಕ ಅಂಗಾಂಶವು ಎಪಿಥೀಲಿಯಂ ಕೋಶಗಳನ್ನು ಪ್ರಾಸ್ಟೇಟ್ ಆಗಿ ಬೆಳೆಯುವಂತೆ ಪ್ರೇರೇಪಿಸುತ್ತದೆ ಎಂದು ಜೆರಾಲ್ಡ್ ಕುನಾ ಮೊದಲಾದವರು ಹಿಂದೆಯೇ ತೋರಿಸಿದ್ದರು. ಇದನ್ನು ಆಧರಿಸಿ 2003ರಲ್ಲಿ ಲಿ ಷಿನ್, ವಿಟ್ಟಿ ಮತ್ತು ಸಂಗಡಿಗರು ವಯಸ್ಕ ಇಲಿಯ ಪ್ರಾಸ್ಟೇಟನ್ನು ಬಿಡಿಬಿಡಿ ಕೋಶಗಳಾಗಿ ಮಾಡಿ, ಭ್ರೂಣದ ಅಂಗಾಂಶದೊಂದಿಗೆ ಬೆರೆಸಿ, ಇನ್ನೊಂದು ಇಲಿಯಲ್ಲಿ ನಾಟಿ ಮಾಡಿ ಹೊಸ ಪ್ರಾಸ್ಟೇಟ್ ನಾಳಗಳನ್ನು ಬೆಳೆಸುವ ವಿಧಾನವನ್ನು ವಿವರಿಸಿದರು. ಅಸ್ಥಿಮಜ್ಜೆ ಕಸಿಯ ಮೂಲಕ ರಕ್ತದ ಆಕರ ಕೋಶಗಳನ್ನು ಗುರುತಿಸಿದ ತರ್ಕವೇ ಇಲ್ಲಿಯೂ ಇದೆ: ಕೋಶಗಳನ್ನು ವಿಂಗಡಿಸಿ, ಪ್ರತಿಯೊಂದು ಗುಂಪನ್ನೂ ಪ್ರತ್ಯೇಕವಾಗಿ ನಾಟಿ ಮಾಡಿ, ಯಾವುದು ಅಂಗಾಂಶವನ್ನು ಮರುಸೃಷ್ಟಿಸುತ್ತದೆ ಎಂದು ನೋಡುವುದು.

ಮೇಲ್ಮೈ ಗುರುತುಗಳ ಸಹಾಯದಿಂದ ಹೀಗೆ ವಿಂಗಡಿಸಿದಾಗ ಮರುಸೃಷ್ಟಿಯ ಶಕ್ತಿ ಮುಖ್ಯವಾಗಿ ತಳಕೋಶಗಳ ಗುಂಪಿನಲ್ಲಿ ಕಂಡುಬಂದಿತು. ಕ್ಯಾನ್ಸರ್ ಪ್ರೇರಕ ವಂಶವಾಹಿಗಳನ್ನು ಸೇರಿಸಿದಾಗ ಇಲಿಯ ತಳಕೋಶಗಳು ಗೆಡ್ಡೆಯನ್ನು ಸಮರ್ಥವಾಗಿ ಆರಂಭಿಸುತ್ತವೆ ಎಂದು ಡೆವನ್ ಲಾಸನ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದರು.

ಮಾನವನ ಕೋಶಗಳಲ್ಲಿ: 2010ರ ಅಧ್ಯಯನ

ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಆಂಡ್ರ್ಯೂ ಗೋಲ್ಡ್‌ಸ್ಟೈನ್, ವಿಟ್ಟಿ ಮತ್ತು ಸಂಗಡಿಗರ ಪ್ರಬಂಧ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪ್ರಾಸ್ಟೇಟ್ ಅಂಗಾಂಶದ ಕ್ಯಾನ್ಸರ್‌ರಹಿತ ಭಾಗದಿಂದ ಕೋಶಗಳನ್ನು ಬೇರ್ಪಡಿಸಿ, ಸಿಡಿ49ಎಫ್ ಮತ್ತು ಟ್ರಾಪ್2 ಎಂಬ ಎರಡು ಮೇಲ್ಮೈ ಪ್ರೋಟೀನುಗಳ ಪ್ರಮಾಣದ ಆಧಾರದಲ್ಲಿ ತಳಕೋಶ ಮತ್ತು ಸ್ರಾವಕ ಕೋಶಗಳೆಂದು ವಿಂಗಡಿಸಲಾಯಿತು. ಎರಡೂ ಗುಂಪುಗಳಿಗೆ ವೈರಾಣು ವಾಹಕಗಳ ಮೂಲಕ ಒಂದೇ ವಂಶವಾಹಿಗಳನ್ನು ಸೇರಿಸಿ, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ನಾಟಿ ಮಾಡಲಾಯಿತು. ಸೇರಿಸಿದವು ಮೂರು: ಕೋಶದ ಬದುಕುಳಿಕೆಗೆ ಸೂಚನೆ ನೀಡುವ ಎಕೆಟಿ, ಅನೇಕ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ವರ್ಣತಂತು ಬೆಸುಗೆಯಿಂದ ಹೆಚ್ಚಾಗುವ ಇಆರ್‌ಜಿ ಹಾಗೂ ಆಂಡ್ರೋಜನ್ ಗ್ರಾಹಕ.

ಎಕೆಟಿ ಮತ್ತು ಇಆರ್‌ಜಿ ಸೇರಿಸಿದ ತಳಕೋಶಗಳು ಕ್ಯಾನ್ಸರ್‌ಪೂರ್ವ ಸ್ಥಿತಿಯನ್ನು ಹೋಲುವ ನಾಳಗಳನ್ನು ಬೆಳೆಸಿದವು. ಆಂಡ್ರೋಜನ್ ಗ್ರಾಹಕವನ್ನೂ ಸೇರಿಸಿದಾಗ ಮಾನವನ ಪ್ರಾಸ್ಟೇಟ್ ಕ್ಯಾನ್ಸರನ್ನೇ ಹೋಲುವ ಗೆಡ್ಡೆ ಉಂಟಾಯಿತು. ಆ ಗೆಡ್ಡೆಯ ಕೋಶಗಳು ಪಿಎಸ್‌ಎ ತಯಾರಿಸುತ್ತಿದ್ದವು. ಪಿ63 ಗುರುತಿನ ತಳಕೋಶಗಳು ಅದರಲ್ಲಿ ಮರೆಯಾಗಿದ್ದವು. ಸ್ರಾವಕ ಕೋಶಗಳ ಗುಂಪು ಈ ಪ್ರಯೋಗದಲ್ಲಿ ಗೆಡ್ಡೆಯನ್ನು ಬೆಳೆಸಲಿಲ್ಲ. ಸ್ರಾವಕ ಕೋಶದಂತೆ ಕಾಣುವ ಕ್ಯಾನ್ಸರ್ ತಳಕೋಶದಿಂದ ಹುಟ್ಟಬಲ್ಲದು ಎಂಬುದು ಇದರಿಂದ ಸಿದ್ಧವಾಯಿತು.

ಟಾನ್ಯಾ ಸ್ಟೊಯನೋವಾ ಮತ್ತು ಸಂಗಡಿಗರು 2013ರಲ್ಲಿ ವಿಟ್ಟಿ ಪ್ರಯೋಗಾಲಯದಿಂದ ಈ ಕಥೆಯ ಮುಂದಿನ ಭಾಗವನ್ನು ವರದಿ ಮಾಡಿದರು. ತಳಕೋಶದಿಂದ ಆರಂಭವಾದ ಗೆಡ್ಡೆಯು ಮುಂದುವರಿದಂತೆ ತಳಕೋಶಗಳ ನೆರವಿಲ್ಲದೆ, ಸ್ರಾವಕ ಲಕ್ಷಣದ ಕೋಶಗಳಿಂದಲೇ ಪೋಷಿತವಾಗಿ ಬೆಳೆಯುತ್ತದೆ ಎಂದು ಅವರು ಕಂಡುಕೊಂಡರು.

ವೈಜ್ಞಾನಿಕ ಚರ್ಚೆ

ಈ ತೀರ್ಮಾನಗಳು ವಾದವನ್ನು ಮುಗಿಸಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಷೆನ್ ಮತ್ತು ಸಂಗಡಿಗರು 2009ರಲ್ಲಿ, ವೃಷಣ ತೆಗೆದ ಇಲಿಗಳ ಪ್ರಾಸ್ಟೇಟಿನಲ್ಲಿ ಉಳಿಯುವ ಅಪರೂಪದ ಸ್ರಾವಕ ಕೋಶಗಳು ಆಕರ ಕೋಶಗಳಂತೆ ವರ್ತಿಸಬಲ್ಲವು, ಕ್ಯಾನ್ಸರನ್ನೂ ಆರಂಭಿಸಬಲ್ಲವು ಎಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಕೋಶಗಳನ್ನು ಹೊರತೆಗೆಯದೆ, ಇಲಿಯ ದೇಹದೊಳಗೇ ಅವುಗಳಿಗೆ ಗುರುತು ಹಾಕಿ ಸಂತತಿಯನ್ನು ಹಿಂಬಾಲಿಸುವ ವಿಧಾನವನ್ನು ಅವರು ಬಳಸಿದ್ದರು. ವಿಟ್ಟಿ ಅವರ ಹಿಂದಿನ ಸಹೋದ್ಯೋಗಿ ಲಿ ಷಿನ್ ತಮ್ಮ ಸ್ವಂತ ಪ್ರಯೋಗಾಲಯದಲ್ಲಿ 2012ರಲ್ಲಿ ಇದೇ ಬಗೆಯ ವಿಧಾನದಿಂದ ನಡೆಸಿದ ಅಧ್ಯಯನವು, ವಯಸ್ಕ ಇಲಿಯಲ್ಲಿ ತಳಕೋಶಗಳೂ ಸ್ರಾವಕ ಕೋಶಗಳೂ ತಮ್ಮ ತಮ್ಮ ಸಂತತಿಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುತ್ತವೆ, ಎರಡೂ ಕ್ಯಾನ್ಸರ್‌ನ ಮೂಲವಾಗಬಲ್ಲವು ಎಂದು ತೋರಿಸಿತು.

ವಿಧಾನಗಳ ವ್ಯತ್ಯಾಸ ಈ ಭಿನ್ನಾಭಿಪ್ರಾಯಕ್ಕೆ ಒಂದು ಕಾರಣ. ನಾಟಿ ಪ್ರಯೋಗವು ಒಂದು ಕೋಶಕ್ಕೆ ಏನು ಸಾಧ್ಯ ಎಂಬುದನ್ನು ಅಳೆಯುತ್ತದೆ. ಬೇರ್ಪಡಿಸಿದಾಗ ಸ್ರಾವಕ ಕೋಶಗಳು ಸುಲಭವಾಗಿ ಸಾಯುವುದರಿಂದ ಅವುಗಳ ಸಾಮರ್ಥ್ಯ ಅಲ್ಲಿ ಕಡಿಮೆಯಾಗಿ ಕಾಣಬಹುದು. ಸಂತತಿ ಹಿಂಬಾಲಿಸುವ ವಿಧಾನವು ದೇಹದೊಳಗೆ ನಿಜವಾಗಿ ನಡೆಯುವುದನ್ನು ತೋರಿಸುತ್ತದೆ. ಆದರೆ ಅದನ್ನು ಮನುಷ್ಯರಲ್ಲಿ ಮಾಡಲಾಗದು. ಇಲಿಯ ಪ್ರಾಸ್ಟೇಟಿನ ರಚನೆಯೂ ಮಾನವನದಕ್ಕಿಂತ ಭಿನ್ನವಾಗಿದೆ. ಎರಡೂ ಬಗೆಯ ಕೋಶಗಳು ಸನ್ನಿವೇಶಕ್ಕೆ ತಕ್ಕಂತೆ ಕ್ಯಾನ್ಸರ್‌ನ ಮೂಲವಾಗಬಹುದು ಎಂಬ ನಿಲುವಿಗೆ ಈಗ ವ್ಯಾಪಕ ಮನ್ನಣೆಯಿದೆ.

ಸಣ್ಣಕೋಶ ಕ್ಯಾನ್ಸರ್‌ಗಳು

ಹಾರ್ಮೋನು ತಡೆಯುವ ಪ್ರಬಲ ಔಷಧಗಳ ಬಳಕೆ ಹೆಚ್ಚಿದಂತೆ ಕೆಲವು ರೋಗಿಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ತನ್ನ ಸ್ವರೂಪವನ್ನೇ ಬದಲಿಸಿಕೊಳ್ಳುವುದು ಗಮನಕ್ಕೆ ಬಂದಿತು. ಹೀಗೆ ಬದಲಾದ ಗೆಡ್ಡೆಯು ಆಂಡ್ರೋಜನ್ ಗ್ರಾಹಕವನ್ನು ಅವಲಂಬಿಸುವುದಿಲ್ಲ. ಪಿಎಸ್‌ಎ ಮಟ್ಟ ಏರದೆಯೂ ರೋಗ ವೇಗವಾಗಿ ಹರಡುತ್ತದೆ. ನರ-ಅಂತಃಸ್ರಾವಿ ಕೋಶಗಳ ಲಕ್ಷಣವುಳ್ಳ ಈ ಬಗೆಯನ್ನು ಸಣ್ಣಕೋಶ ಕ್ಯಾನ್ಸರ್ ಎನ್ನುತ್ತಾರೆ. ಇದಕ್ಕೆ ಪರಿಣಾಮಕಾರಿ ಚಿಕಿತ್ಸೆಗಳು ಕಡಿಮೆ.

ಈ ಗೆಡ್ಡೆಗಳು ಗ್ರಂಥಿಯಲ್ಲಿ ಮೊದಲೇ ಇರುವ ನರ-ಅಂತಃಸ್ರಾವಿ ಕೋಶಗಳಿಂದ ಹುಟ್ಟುತ್ತವೆಯೋ ಅಥವಾ ಸಾಮಾನ್ಯ ಕ್ಯಾನ್ಸರ್ ಕೋಶಗಳೇ ವೇಷ ಬದಲಿಸುತ್ತವೆಯೋ ಎಂಬುದು ಪ್ರಶ್ನೆಯಾಗಿತ್ತು. 2016ರಲ್ಲಿ ಜಾನ್ ಲೀ, ವಿಟ್ಟಿ ಮತ್ತು ಸಂಗಡಿಗರು ಮಾನವನ ಪ್ರಾಸ್ಟೇಟ್ ಕೋಶಗಳಿಗೆ ಎನ್-ಮಿಕ್ ಮತ್ತು ಸಕ್ರಿಯ ಎಕೆಟಿಯನ್ನು ಸೇರಿಸಿದರು. ಒಂದೇ ಎಪಿಥೀಲಿಯಂ ಕೋಶದ ಸಂತತಿಯಿಂದ ಸಾಮಾನ್ಯ ಬಗೆಯ ಕ್ಯಾನ್ಸರೂ ನರ-ಅಂತಃಸ್ರಾವಿ ಬಗೆಯ ಕ್ಯಾನ್ಸರೂ ಬೆಳೆಯಬಲ್ಲವು ಎಂದು ಇದರಿಂದ ನೇರವಾಗಿ ತೋರಿತು.

2018ರಲ್ಲಿ ಜಂಗ್ ವೂಕ್ ಪಾರ್ಕ್, ವಿಟ್ಟಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಐದು ಬದಲಾವಣೆಗಳ ಒಂದು ಸಂಯೋಜನೆಯನ್ನು ವಿವರಿಸಿದರು. ಗೆಡ್ಡೆಗಳನ್ನು ತಡೆಯುವ ಪಿ53 ಮತ್ತು ಆರ್‌ಬಿ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸಿ, ಎಕೆಟಿ, ಮಿಕ್ ಮತ್ತು ಬಿಸಿಎಲ್2 ಪ್ರೋಟೀನುಗಳನ್ನು ಸೇರಿಸಿದಾಗ ಆರೋಗ್ಯವಂತ ಮಾನವ ಪ್ರಾಸ್ಟೇಟ್ ಕೋಶಗಳು ಸಣ್ಣಕೋಶ ಕ್ಯಾನ್ಸರ್ ಆದವು. ಇದೇ ಸಂಯೋಜನೆಯಿಂದ ಶ್ವಾಸಕೋಶದ ಆರೋಗ್ಯವಂತ ಎಪಿಥೀಲಿಯಂ ಕೋಶಗಳೂ ಸಣ್ಣಕೋಶ ಕ್ಯಾನ್ಸರ್‌ಗೆ ತಿರುಗಿದವು. ಪಿ53 ಮತ್ತು ಆರ್‌ಬಿ ಎರಡೂ ಒಟ್ಟಿಗೆ ನಿಷ್ಕ್ರಿಯವಾಗುವುದು ಈ ಪರಿವರ್ತನೆಗೆ ಅಗತ್ಯವಾಗಿತ್ತು. ಬೇರೆ ಬೇರೆ ಅಂಗಗಳಲ್ಲಿ ಹುಟ್ಟಿದ ಈ ಎರಡು ಕ್ಯಾನ್ಸರ್‌ಗಳು ವಂಶವಾಹಿಗಳ ಚಟುವಟಿಕೆಯಲ್ಲಿ ಪರಸ್ಪರ ಹೋಲುತ್ತಿದ್ದವು. ಮೂಲದ ಅಂಗ ಭಿನ್ನವಾದರೂ ತಲಪುವ ಅವಸ್ಥೆ ಒಂದೇ ಆಗಬಹುದು ಎಂಬುದು ಈ ಅಧ್ಯಯನದ ಸಾರ.

ಮೂತ್ರಕೋಶದ ಕ್ಯಾನ್ಸರ್

ಮೂತ್ರಕೋಶದ ಒಳಗೋಡೆಯನ್ನು ಆವರಿಸಿರುವ ಕೋಶಪದರಕ್ಕೆ ಯೂರೋಥೀಲಿಯಂ ಎಂದು ಹೆಸರು. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಈ ಪದರದ ಲಕ್ಷಣಗಳನ್ನು ಉಳಿಸಿಕೊಂಡಿರುತ್ತವೆ. ಸಣ್ಣಕೋಶ ಬಗೆಯು ಅಪರೂಪವಾದರೂ ಮಾರಕವಾದುದು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಟ್ಟಿ ಮತ್ತು ಸಂಗಡಿಗರು ಮಾನವನ ಯೂರೋಥೀಲಿಯಂ ಕೋಶಗಳಿಗೆ ಆಯ್ದ ಕ್ಯಾನ್ಸರ್ ಪ್ರೇರಕಗಳನ್ನು ಸೇರಿಸಿದರು. ಬೆಳೆದ ಗೆಡ್ಡೆಗಳಲ್ಲಿ ಸಾಮಾನ್ಯ ಯೂರೋಥೀಲಿಯಂ ಕ್ಯಾನ್ಸರ್, ಚಪ್ಪಟೆಕೋಶ ಕ್ಯಾನ್ಸರ್ ಮತ್ತು ಸಣ್ಣಕೋಶ ಕ್ಯಾನ್ಸರ್ ಮೂರೂ ಬೆರೆತಿದ್ದವು. ಗೆಡ್ಡೆಯಿಂದ ಬೇರ್ಪಡಿಸಿದ ಒಂದೇ ಕೋಶದ ಸಂತತಿಯೂ ಸಣ್ಣಕೋಶ ಮತ್ತು ಯೂರೋಥೀಲಿಯಂ ಬಗೆಗಳೆರಡನ್ನೂ ಬೆಳೆಸಿತು. ಸಣ್ಣಕೋಶ ಕ್ಯಾನ್ಸರ್‌ಗೆ ಮೂತ್ರಕೋಶದಲ್ಲಿ ಬೇರೆಯೇ ಆದ ಮೂಲವಿರಬೇಕೆಂದಿಲ್ಲ ಎಂಬುದನ್ನು ಇದು ತೋರಿಸಿತು. ರೋಗಿಗಳ ಮಾದರಿಗಳಲ್ಲಿ ಹೆಚ್ಚಿನವುಗಳಲ್ಲಿ ಪಿಡಿ-ಎಲ್1 ಪ್ರೋಟೀನು ಕಂಡುಬಂದುದರಿಂದ, ರೋಗನಿರೋಧಕ ವ್ಯವಸ್ಥೆಯನ್ನು ಬಳಸುವ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಲೇಖಕರು ಸೂಚಿಸಿದರು.

ಚಿಕಿತ್ಸೆಯೊಂದಿಗೆ ಸಂಬಂಧ

ರಕ್ತದ ಕ್ಯಾನ್ಸರ್‌ನಲ್ಲಿ ಒಂದು ಕಿಣ್ವವನ್ನು ತಡೆದು ಪಡೆದ ಯಶಸ್ಸು ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಅದೇ ರೀತಿಯಲ್ಲಿ ಮರುಕಳಿಸಿಲ್ಲ. ಬಹುಪಾಲು ರೋಗಿಗಳಲ್ಲಿ ಸಮಾನವಾಗಿ ಕಾಣುವ ಬಿಸಿಆರ್-ಎಬಿಎಲ್‌ನಂಥ ಒಂದೇ ಕಿಣ್ವ ಇಲ್ಲಿಲ್ಲ. ಗೆಡ್ಡೆಯು ಚಿಕಿತ್ಸೆಯ ಒತ್ತಡಕ್ಕೆ ಸಿಕ್ಕಾಗ ಬೇರೊಂದು ಬಗೆಯ ಕೋಶವಾಗಿ ಮಾರ್ಪಡುವುದೂ ಇದೆ. ಆದ್ದರಿಂದ ವಿಟ್ಟಿ ಅವರ ನಂತರದ ಕೆಲಸವು ಎರಡು ದಿಕ್ಕುಗಳಲ್ಲಿ ಸಾಗಿತು. ಹರಡಿದ ಗೆಡ್ಡೆಗಳಲ್ಲಿ ಸಕ್ರಿಯವಾಗಿರುವ ಕೈನೇಸ್‌ಗಳ ಜಾಲವನ್ನು ರೋಗಿಯಿಂದ ರೋಗಿಗೆ ಗುರುತಿಸುವುದು ಮೊದಲನೆಯದು. ಜಸ್ಟಿನ್ ಡ್ರೇಕ್ ಮತ್ತು ಸಂಗಡಿಗರ 2016ರ ಅಧ್ಯಯನ ಇದಕ್ಕೆ ಉದಾಹರಣೆ. ಪ್ರತಿಯೊಂದು ಬಗೆಯ ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿ ಮಾತ್ರ ಕಾಣುವ ಪ್ರೋಟೀನುಗಳನ್ನು ಹುಡುಕುವುದು ಎರಡನೆಯದು. ನರ-ಅಂತಃಸ್ರಾವಿ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಸಿಇಎಸಿಎಎಂ5 ಎಂಬ ಪ್ರೋಟೀನು ಇಂಥ ಗುರಿಯಾಗಬಲ್ಲದು ಎಂದು 2018ರಲ್ಲಿ ಜಾನ್ ಲೀ ಮತ್ತು ಸಂಗಡಿಗರು ವಿಟ್ಟಿ ಪ್ರಯೋಗಾಲಯದಿಂದ ವರದಿ ಮಾಡಿದರು.

ಸಂಸ್ಥೆಗಳು ಮತ್ತು ಸಾರ್ವಜನಿಕ ಸೇವೆ

ಕ್ಯಾಲಿಫೋರ್ನಿಯಾದ ಮತದಾರರು 2004ರಲ್ಲಿ ಆಕರ ಕೋಶ ಸಂಶೋಧನೆಗೆ 300 ಕೋಟಿ ಡಾಲರ್ ಒದಗಿಸುವ ಪ್ರಸ್ತಾವವನ್ನು ಅಂಗೀಕರಿಸಿದರು. ಮರುವರ್ಷ ಯುಸಿಎಲ್‌ಎ ಈ ಕ್ಷೇತ್ರಕ್ಕಾಗಿ ಸಂಸ್ಥೆಯೊಂದನ್ನು ತೆರೆದು ವಿಟ್ಟಿ ಅವರನ್ನು ಸ್ಥಾಪಕ ನಿರ್ದೇಶಕರನ್ನಾಗಿ ನೇಮಿಸಿತು. ಈಲೈ ಮತ್ತು ಈಡಿತ್ ಬ್ರಾಡ್ ದಂಪತಿಯ ದಾನದ ನಂತರ ಅದಕ್ಕೆ ಅವರ ಹೆಸರನ್ನಿಡಲಾಯಿತು. 2021ರಲ್ಲಿ ಥಾಮಸ್ ರ‍್ಯಾಂಡೊ ಅದರ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು.

ಬರಾಕ್ ಒಬಾಮಾ ಅವರ ಆಡಳಿತಾವಧಿಯಲ್ಲಿ ವಿಟ್ಟಿ ಅಮೆರಿಕದ ಅಧ್ಯಕ್ಷರ ಕ್ಯಾನ್ಸರ್ ಸಮಿತಿಯ ಸದಸ್ಯರಾಗಿದ್ದರು. ಬಾರ್ಬರಾ ರೈಮರ್ ಅಧ್ಯಕ್ಷತೆಯ ಮೂವರು ಸದಸ್ಯರ ಈ ಸಮಿತಿಯು 2014ರಲ್ಲಿ ಬಿಡುಗಡೆ ಮಾಡಿದ ವರದಿಯು, ಎಚ್‌ಪಿವಿ ಲಸಿಕೆಯನ್ನು ಹೆಚ್ಚು ಮಕ್ಕಳಿಗೆ ತಲಪಿಸುವುದು ಕ್ಯಾನ್ಸರ್ ತಡೆಗಟ್ಟುವ ತುರ್ತು ಕಾರ್ಯವೆಂದು ಪ್ರತಿಪಾದಿಸಿತು.

ಶಿಷ್ಯರು

ವಿಟ್ಟಿ ಪ್ರಯೋಗಾಲಯದಲ್ಲಿ ತರಬೇತಿ ಪಡೆದ ಅನೇಕರು ಸ್ವತಂತ್ರ ಸಂಶೋಧಕರಾಗಿದ್ದಾರೆ. ಅವರಲ್ಲಿ ಹೆಚ್ಚು ಪ್ರಸಿದ್ಧರಾದವರು ಚಾರ್ಲ್ಸ್ ಸಾಯರ್ಸ್. ಇಮ್ಯಾಟಿನಿಬ್‌ನ ಆರಂಭಿಕ ಪರೀಕ್ಷೆಗಳಲ್ಲಿ ಭಾಗವಹಿಸಿದ ಅವರು, ಆ ಔಷಧಕ್ಕೆ ಉಂಟಾಗುವ ಪ್ರತಿರೋಧದ ಕಾರಣವನ್ನು ವಿವರಿಸಿದರು. ಯುಸಿಎಲ್‌ಎಯ ರಸಾಯನಶಾಸ್ತ್ರಜ್ಞ ಮೈಕೆಲ್ ಜಂಗ್ ಅವರೊಡನೆ, ಆಂಡ್ರೋಜನ್ ಗ್ರಾಹಕವನ್ನು ತಡೆಯುವ ಎಂಜಲುಟಮೈಡ್ ಔಷಧದ ಅಭಿವೃದ್ಧಿಗೂ ಕಾರಣರಾದರು. ಈ ಔಷಧಕ್ಕೆ 2012ರಲ್ಲಿ ಅನುಮತಿ ದೊರೆಯಿತು. 2009ರ ಲಾಸ್ಕರ್ ಪ್ರಶಸ್ತಿಯನ್ನು ಸಾಯರ್ಸ್ ಅವರು ಡ್ರೂಕರ್ ಮತ್ತು ಲಿಡನ್ ಜೊತೆ ಹಂಚಿಕೊಂಡರು.

ಗೌರವಗಳು

ವಿಟ್ಟಿ 1997ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಅಮೆರಿಕದ ಕಲೆ ಮತ್ತು ವಿಜ್ಞಾನಗಳ ಅಕಾಡೆಮಿಯ ಹಾಗೂ ರಾಷ್ಟ್ರೀಯ ವೈದ್ಯಕೀಯ ಅಕಾಡೆಮಿಯ ಸದಸ್ಯತ್ವವೂ ಅವರಿಗೆ ದೊರೆತಿದೆ. ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾದ ಚಿಕಿತ್ಸೆಗೆ ದಾರಿಮಾಡಿದ ಸಂಶೋಧನೆಗಾಗಿ 2000ದ ವಾರನ್ ಆಲ್ಪರ್ಟ್ ಪ್ರತಿಷ್ಠಾನದ ಪ್ರಶಸ್ತಿಯನ್ನು ಬಾಲ್ಟಿಮೋರ್, ಡ್ರೂಕರ್, ಲಿಡನ್ ಮೊದಲಾದವರೊಂದಿಗೆ ಹಂಚಿಕೊಂಡರು.